ಗೂಗೆಯೂ ನೊಣವೂ

ನ್ಯೂಜಿಲೆಂಡಿನಲ್ಲಿ ನಗುವಂತೆ ಕೂಗುತ್ತಿದ್ದ ಗೂಗೆಯೊಂದಿತ್ತು. ಮನುಷ್ಯರು ತಂದುಬಿಟ್ಟ ಬೇಟೆಪ್ರಾಣಿಗಳ ಹಾವಳಿಗೂ ಸಿಕ್ಕಿ ಆ ಕುಲವೇ ಅಳಿಯಿತು. 1914ರಲ್ಲಿ ದೊರೆತ ಮೃತದೇಹವೇ ಅದರ ಕೊನೆಯ ಖಚಿತ ಕುರುಹು. ಇತ್ತ ಶ್ರೀನಿವಾಸಪುರದ ಮಾವಿನ ಹೂವನ್ನು ಪ್ರತಿವರ್ಷವೂ ಸಣ್ಣ ನೊಣಗಳು ಮುತ್ತುತ್ತವೆ. ಪರಾಗವನ್ನೊಯ್ದು ಕಾಯಿ ಕಟ್ಟಿಸುತ್ತವೆ.

ಗೂಗೆ ಅಳಿದು ನೊಣ ಉಳಿಯಿತೆಂದು ನೊಣವೇ ಶ್ರೇಷ್ಠವೆನ್ನೋಣವೇ? ಸಲ್ಲದು. ಜೀವಜೀವರಲ್ಲಿ ಭೇದವುಂಟು, ತಾರತಮ್ಯವುಂಟು ಎಂದು ಶ್ರೀಮದಾಚಾರ್ಯರು ಸಾರಿದರು. ಆದರೆ ಅದು ದೇಹದ ಗಾತ್ರದಿಂದಲ್ಲ, ಉಳಿದ ವರ್ಷಗಳ ಎಣಿಕೆಯಿಂದಲೂ ಅಲ್ಲ, ಜೀವಸ್ವರೂಪದಿಂದ. ಎರಡರೊಳಗೂ ಬಿಂಬರೂಪಿಯಾಗಿ ನೆಲೆಸಿದವನು ಶ್ರೀಹರಿಯೊಬ್ಬನೇ.

ಆದುದರಿಂದ ಅಪಶಕುನವೆಂದು ಗೂಗೆಗೆ ಕಲ್ಲೆಸೆಯುವಾಗ, ಹೂಬಿಟ್ಟ ಮಾವಿಗೆ ವಿವೇಚನೆಯಿಲ್ಲದೆ ವಿಷ ಸಿಂಪಡಿಸುವಾಗ, ಯಾರ ನಿವಾಸಕ್ಕೆ ಕೈಮಾಡುತ್ತಿದ್ದೇವೆಂದು ಯೋಚಿಸೋಣ. ಮುಳಬಾಗಿಲಿನ ನರಸಿಂಹತೀರ್ಥದಲ್ಲಿ ಶ್ರೀಪಾದರಾಜರ ಬೃಂದಾವನಕ್ಕೆ ನಮಿಸುವ ನಾವು ಆ ದಾಸಭಾವವನ್ನು ತೋಟದವರೆಗೂ ಒಯ್ಯಬೇಕು.

ಶ್ರೀಕೃಷ್ಣಾರ್ಪಣಮಸ್ತು.