ಬೈಸಿಕಲ್ಲಿನ ಯೋಗಕ್ಷೇಮ

ಮನುಷ್ಯನು ನಿರ್ಮಿಸಿಕೊಂಡಿರುವ ಯಂತ್ರಗಳಲ್ಲಿ ಬಹುಪಾಲು ತಮ್ಮ ಒಳಗುಟ್ಟನ್ನು ಮುಚ್ಚಿಟ್ಟುಕೊಂಡಿರುವಂಥವು. ಬೈಸಿಕಲ್ಲು ಹಾಗಲ್ಲ. ಪೆಡಲಿನ ಮೇಲೆ ಊರಿದ ಕಾಲಿನ ಬಲವು ಚೈನಿನ ಮೂಲಕ ಹಿಂದಿನ ಚಕ್ರವನ್ನು ಸೇರುವ ದಾರಿಯೆಲ್ಲವೂ ನೋಡುವವನ ಕಣ್ಣೆದುರಿಗೇ ಇದೆ. ಅದುಕಾರಣವೇ ವಿದ್ಯಾವಂತರಾದ ಅನೇಕ ಗೃಹಸ್ಥರು, ಜೀವನೋಪಾಯವನ್ನು ಬಯಸದೆ ಕೇವಲ ವಿರಾಮಕಾಲದ ಸಂತೋಷಕ್ಕಾಗಿ, ಬಿಡಿಭಾಗಗಳನ್ನು ಕೂಡಿಸಿ ಬೈಸಿಕಲ್ಲನ್ನು ಕಟ್ಟುವುದರಲ್ಲಿಯೂ, ಕೆಟ್ಟುದನ್ನು ಸರಿಪಡಿಸುವುದರಲ್ಲಿಯೂ, ಇರುವುದಕ್ಕಿಂತ ಉತ್ತಮವಾದ ಭಾಗಗಳನ್ನು ತಂದು ಅಳವಡಿಸುವುದರಲ್ಲಿಯೂ ತೊಡಗಿರುತ್ತಾರೆ. ಈ ಕೆಲಸವು ವಿನೋದವೋ ವ್ಯಸನವೋ ಎಂಬುದು ವಿಚಾರಾರ್ಹವಾದ ಪ್ರಶ್ನೆ. ಏಕೆಂದರೆ ಇದರಲ್ಲಿ ವ್ಯಯವಾಗುವುದು ಮನೆಯ ಹಣ, ಮತ್ತು ಮನೆಯವರೊಡನೆ ಕಳೆಯಬಹುದಾಗಿದ್ದ ಹೊತ್ತು.

ಈ ವಿಚಾರಕ್ಕೆ ಪ್ರಾಚೀನರ ಒಂದು ವಿಭಾಗವು ಉಪಕಾರಿಯಾಗಿದೆ. ಯೋಗಕ್ಷೇಮವೆಂಬ ಮಾತು ಕಾಗದಗಳ ಒಕ್ಕಣೆಯಲ್ಲಿ ಕುಶಲವೆಂಬಷ್ಟಕ್ಕೆ ನಿಂತುಹೋಗಿದೆ. ಗೀತೆಯ ಭಾಷ್ಯಕಾರರಾದರೋ ಅದನ್ನು ಎರಡಾಗಿ ಬಿಡಿಸಿ, ಇಲ್ಲದುದನ್ನು ಪಡೆಯುವುದು ಯೋಗ, ಪಡೆದುದನ್ನು ಕಾಪಾಡುವುದು ಕ್ಷೇಮ ಎಂದು ಅರ್ಥ ಹೇಳಿದ್ದಾರೆ. ಬೈಸಿಕಲ್ಲಿನ ದುರಸ್ತಿಯು ಕ್ಷೇಮಕ್ಕೂ, ಅದನ್ನು ಉತ್ತಮಪಡಿಸುವ ಯತ್ನವು ಯೋಗಕ್ಕೂ ಸೇರತಕ್ಕವು.

ಕ್ಷೇಮದ ಮಿತಿಯು ವಸ್ತುವಿನಲ್ಲಿಯೇ ಇರುತ್ತದೆ. ಹೊಸ ಚೈನಿನ 24 ಕೊಂಡಿಗಳನ್ನು ಅಳೆದರೆ ಸರಿಯಾಗಿ 12 ಅಂಗುಲ ಬರುತ್ತದೆ. ದಿನಗಳೆದಂತೆ ಕೊಂಡಿಗಳನ್ನು ಬೆಸೆದಿರುವ ಮೊಳೆಗಳು ಸವೆದು ಈ ಅಳತೆ ಬೆಳೆಯುತ್ತದೆ. ಅಂಗುಲದ ಎಂಟನೆಯ ಒಂದು ಪಾಲು ಹೆಚ್ಚುವಷ್ಟರಲ್ಲಿ ಅದು ಹಲ್ಲುಚಕ್ರವನ್ನೂ ಕೆಡಿಸಿರುತ್ತದೆ. ಆಮೇಲೆ ಹೊಸ ಚೈನನ್ನು ಹಾಕಿದರೂ ಸವೆದ ಹಲ್ಲುಗಳ ಮೇಲೆ ಅದು ಜಾರುವುದು. ಸಕಾಲದಲ್ಲಿ ಅಳೆದು ನೋಡಿದವನಿಗೆ ಒಂದು ವೆಚ್ಚ, ಉದಾಸೀನನಿಗೆ ಎರಡು. ಚಕ್ರದ ಬೆಂಡು ತೆಗೆಯುವುದೂ ಇಂಥದೇ ಕೆಲಸ. ರಿಮ್ಮು ಬಲಕ್ಕೆ ವಾಲಿದ್ದರೆ, ಆ ಸ್ಥಳದಲ್ಲಿ ಎಡಗಡೆಯ ಕಡ್ಡಿಗಳನ್ನು ಕಾಲು ಸುತ್ತಿನಷ್ಟು ಬಿಗಿದು ಬಲಗಡೆಯವನ್ನು ಅಷ್ಟೇ ಸಡಿಲಿಸಬೇಕು. ಆತುರಪಟ್ಟು ಒಂದೇ ಕಡ್ಡಿಯನ್ನು ಬಲವಾಗಿ ತಿರುಗಿಸಿದವನು ಒಂದು ಬೆಂಡನ್ನು ಕಳೆದು ಎರಡನ್ನು ತಂದುಕೊಳ್ಳುತ್ತಾನೆ. ಆದರೆ ಚಕ್ರವು ನೇರವಾಗಿ ತಿರುಗಿತೆಂದರೆ ಕೆಲಸ ಮುಗಿಯಿತು; ಕೈತೊಳೆದುಕೊಂಡು ಏಳಬಹುದು.

ಯೋಗಕ್ಕೆ ಈ ಬಗೆಯ ಮಿತಿ ಕಾಣದು. ಒಂದೇ ಹಲ್ಲುಚಕ್ರದ ಹಳೆಯ ಬೈಸಿಕಲ್ಲಿಗೆ ಹಲವು ಗೇರುಗಳ ಚಕ್ರವನ್ನು ಹಾಕಬೇಕೆಂಬ ಆಸೆ ಹುಟ್ಟಿತೆನ್ನೋಣ. ಹಳೆಯ ಗಾಡಿಯಲ್ಲಿ ಹಿಂಚಕ್ರವನ್ನು ಹಿಡಿಯುವ ಕವಲಿನ ಒಳ ಅಗಲವು ಸಾಮಾನ್ಯವಾಗಿ 110ರಿಂದ 120 ಮಿಲಿಮೀಟರು. ಗೇರಿನ ಅನೇಕ ಚಕ್ರಗಳಿಗೆ 130 ಅಥವಾ 135 ಬೇಕು. ಆದುದರಿಂದ ಕವಲನ್ನು ಅಗಲಿಸಬೇಕು. ಗೇರಿಗೆ ಹೊಂದುವ ಕಿರಿದಾದ ಚೈನು ಬೇಕು. ಹಳೆಯ ಕಂಬಿಯ ಬ್ರೇಕು ರಿಮ್ಮಿನ ಒಳಮೈಯನ್ನು ಒತ್ತುವಂಥದು. ಹೊಸ ರಿಮ್ಮಿಗೆ ಅದು ಒಗ್ಗದು, ಆದಕಾರಣ ಬ್ರೇಕೂ ಬದಲಾಗಬೇಕು. ಇಷ್ಟಾದ ಮೇಲೆ ಹಳೆಯ ಸೀಟೂ ಹ್ಯಾಂಡಲ್ಲೂ ಕಳಪೆಯಾಗಿ ಕಾಣತೊಡಗುತ್ತವೆ. ತುಂಬಿದ ಒಂದೊಂದು ಕೊರತೆಯೂ ಪಕ್ಕದಲ್ಲಿ ಮತ್ತೊಂದನ್ನು ತೋರಿಸಿಕೊಡುತ್ತದೆ.

ಹಾಗಾದರೆ ಯೋಗವೆಲ್ಲವೂ ತೃಷ್ಣೆಯೇ, ಕ್ಷೇಮವೊಂದೇ ಸಾಕು ಎಂದು ವಿರಕ್ತನು ಹೇಳಬಹುದು. ಈ ಪಕ್ಷವು ಒಪ್ಪತಕ್ಕದ್ದಲ್ಲ. 1817ರಲ್ಲಿ ಜರ್ಮನಿಯ ಕಾರ್ಲ್ ಡ್ರೈಸನು ಓಡಿಸಿದ ಮರದ ಗಾಡಿಗೆ ಪೆಡಲೇ ಇರಲಿಲ್ಲ. ಸವಾರನು ನೆಲವನ್ನು ಕಾಲಿನಿಂದ ನೂಕಿಕೊಂಡು ಹೋಗಬೇಕಾಗಿತ್ತು. ಆಮೇಲೆ ಬಂದ ಎತ್ತರದ ಮುಂಚಕ್ರದ ಗಾಡಿಯಿಂದ ತಲೆಕೆಳಗಾಗಿ ಬೀಳುವ ಭಯವಿತ್ತು. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿಯ ರೋವರ್ ಬೈಸಿಕಲ್ಲು ಹಿಂಚಕ್ರಕ್ಕೆ ಚೈನನ್ನು ಹೂಡಿ ಆ ಭಯವನ್ನು ತಗ್ಗಿಸಿತು. ಬೆಲ್‌ಫಾಸ್ಟಿನಲ್ಲಿದ್ದ ಪಶುವೈದ್ಯ ಜಾನ್ ಬಾಯ್ಡ್ ಡನ್ಲಪ್ಪನು ಮಗನ ಮೂರು ಚಕ್ರದ ಗಾಡಿಯ ಕುಲುಕಾಟವನ್ನು ತಪ್ಪಿಸಲೆಂದು ಗಾಳಿ ತುಂಬಿದ ಟೈರನ್ನು ಮಾಡಿ, 1888ರಲ್ಲಿ ಅದಕ್ಕೆ ಹಕ್ಕುಪತ್ರವನ್ನು ಪಡೆದನು. ಇವರು ಇದ್ದುದರಲ್ಲಿಯೇ ತೃಪ್ತರಾಗಿದ್ದರೆ ಕಾಪಾಡುವುದಕ್ಕೆ ಇಂಥ ವಾಹನವೇ ಇರುತ್ತಿರಲಿಲ್ಲ.

ಡನ್ಲಪ್ಪನ ದೃಷ್ಟಾಂತದಲ್ಲಿಯೇ ವಿವೇಕದ ಸೂತ್ರವೂ ಅಡಗಿದೆ. ಅಲ್ಲಿ ಕಷ್ಟವು ಮೊದಲು ಬಂದಿತು, ಉಪಾಯವು ಆಮೇಲೆ. ತೃಷ್ಣೆಯಲ್ಲಿ ವಸ್ತುವು ಮೊದಲು ಕಣ್ಣಿಗೆ ಬೀಳುತ್ತದೆ. ಅದಕ್ಕೆ ತಕ್ಕ ಕಷ್ಟವನ್ನು ಆಮೇಲೆ ಹುಡುಕಿ ತರಲಾಗುತ್ತದೆ. ಮನಸ್ಸು ಇಲ್ಲದ ಕಷ್ಟವನ್ನು ಕಲ್ಪಿಸುವುದರಲ್ಲಿ ಬಹಳ ಚತುರವಾದುದರಿಂದ ಅದರ ಸಾಕ್ಷ್ಯವೊಂದನ್ನೇ ನಂಬಲಾಗದು. ಇಲ್ಲಿ ನಿರ್ಣಯ ಹೇಳತಕ್ಕುದು ಕ್ಷೇಮವೇ. ಏರಿನಲ್ಲಿ ಗಾಡಿ ಭಾರವಾಗಿ ನಡೆಯುತ್ತದೆಂದು ಗೇರಿಗೆ ಹಾತೊರೆಯುವವನು ಮೊದಲು ಹಬ್ಬನ್ನು ಬಿಚ್ಚಿ ನೋಡಲಿ. ಒಳಗೆ ಗ್ರೀಸು ಒಣಗಿರಬಹುದು, ಗುಂಡುಗಳು ಸವೆದಿರಬಹುದು. ಟೈರಿನಲ್ಲಿ ಗಾಳಿ ಸಾಲದಿರಬಹುದು. ಬ್ರೇಕು ರಿಮ್ಮಿಗೆ ಉಜ್ಜುತ್ತಿರಬಹುದು. ಇವೆಲ್ಲ ಸರಿಹೋದ ಮೇಲೂ ಏರಿನಲ್ಲಿ ಮೊಣಕಾಲು ನೊಂದರೆ, ಆಗ ಗೇರನ್ನು ಬಯಸುವುದು ದೋಷವಲ್ಲ. ಇದ್ದುದನ್ನು ನೆಟ್ಟಗೆ ಕಾಪಾಡಿ ನೋಡಿದವನಿಗೆ ಮಾತ್ರ ಇಲ್ಲದುದು ಯಾವುದೆಂಬುದು ಗೊತ್ತಾಗುತ್ತದೆ.

ಇನ್ನು ಉಳಿದಿರುವುದು ಕಳಚಿದ ಭಾಗಗಳ ವಿಷಯ. ಉತ್ತಮವಾದುದು ಬಂದ ಮೇಲೆ ಹಳೆಯ ಚಕ್ರವೂ ಪೆಡಲೂ ಅಟ್ಟವನ್ನು ಸೇರಿ ತುಕ್ಕು ಹಿಡಿಯುವುದು ವಾಡಿಕೆ. ಒಂದೇ ಗಾಡಿಯನ್ನು ನಂಬಿ ಮನೆಮನೆಗೆ ಹಾಲು ಹಾಕುವವನಿಗಾಗಲಿ, ದೂರದ ಶಾಲೆಗೆ ಹೋಗುವ ಬಡ ಹುಡುಗನಿಗಾಗಲಿ ಅವು ಇನ್ನೂ ಹಲವು ವರ್ಷಗಳ ಬಾಳಿಕೆ. ಅವನ್ನು ಕೊಡುವುದಷ್ಟೇ ಅಲ್ಲದೆ, ವಿರಾಮದಲ್ಲಿ ಕಲಿತ ಕೈಚಳಕದಿಂದ ಜೋಡಿಸಿಯೂ ಕೊಟ್ಟರೆ, ಒಬ್ಬನ ಯೋಗವು ಮತ್ತೊಬ್ಬನ ಕ್ಷೇಮವಾಗುತ್ತದೆ. ಅಂಥ ಮನೆಯಲ್ಲಿ ಈ ಕೆಲಸವನ್ನು ವ್ಯಸನವೆಂದು ಯಾರೂ ದೂರಲಾರರು. ಅಲ್ಲಿ ಕಳೆದ ಹಣವೂ ಹೊತ್ತೂ ವ್ಯರ್ಥವಾಗಲಿಲ್ಲವೆಂಬುದು ನಿಸ್ಸಂದೇಹ.