ಸೆಟ್ಟು ಬಯಲಾದ ಮೇಲೆ

ವೇದಾಂತ ಪಾಠ ಹೇಳುವ ನನಗೆ, ವ್ಯಾವಹಾರಿಕ ಸತ್ಯವನ್ನು, ಅಂದರೆ ದಿನನಿತ್ಯದ ಬದುಕಿನಲ್ಲಿ ನಿಜವಾಗಿ ನಡೆಯುವುದನ್ನು, ವಿವರಿಸುವಾಗಲೆಲ್ಲ ಸ್ಟೀವನ್ ಸೋಡರ್‌ಬರ್ಗ್ 2002ರಲ್ಲಿ ತೆಗೆದ ‘ಫುಲ್ ಫ್ರಂಟಲ್’ ಸಿನಿಮಾ ನೆನಪಾಗುತ್ತದೆ. ಲಾಸ್ ಏಂಜಲೀಸ್‌ನ ಸಿನಿಮಾ ಮಂದಿಯ ಒಂದು ದಿನದ ಕಥೆ. ರಾತ್ರಿ ನಿರ್ಮಾಪಕನ 40ನೇ ಹುಟ್ಟುಹಬ್ಬ. ಈ ಸಿನಿಮಾದೊಳಗೆ ಇನ್ನೊಂದು ಸಿನಿಮಾ. ಒಳಗಿನದು 35 ಎಂಎಂನಲ್ಲಿ ನುಣುಪಾಗಿದೆ. ‘ನಿಜಜೀವನ’ದ ಭಾಗ ಸಣ್ಣ ಡಿಜಿಟಲ್ ಕ್ಯಾಮೆರಾದಲ್ಲಿ ಒರಟೊರಟು. ತಾರೆ ಜೂಲಿಯಾ ರಾಬರ್ಟ್ಸ್ ಕೂಡ ತಾನೇ ಮೇಕಪ್ ಮಾಡಿಕೊಂಡು, ತಾನೇ ಕಾರು ಓಡಿಸಿಕೊಂಡು ಬರಬೇಕೆಂಬ ನಿಯಮವಿತ್ತು. ಒರಟಾದದ್ದನ್ನು ಕಣ್ಣು ಬೇಗ ನಂಬುತ್ತದೆ. ಕೊನೆಗೆ ಮಸಾಜ್ ಮಾಡುವ ಲಿಂಡಾ ವಿಮಾನದಲ್ಲಿ ಕೂತಿದ್ದಾಳೆ. ಕ್ಯಾಮೆರಾ ಹಿಂದೆ ಸರಿಯುತ್ತದೆ; ಆ ವಿಮಾನವೂ ಸ್ಟುಡಿಯೊದ ಸೆಟ್ಟೇ.

‘ಹಾಗಾದರೆ ಎಲ್ಲವೂ ಸುಳ್ಳೇ, ಮೇಡಂ?’ ಎನ್ನುತ್ತಾರೆ ಹುಡುಗರು. ಅಲ್ಲ. ಎಚ್ಚರದ ಅನುಭವ ಕನಸಿನಂತಲ್ಲ ಎಂದು ಶಂಕರರು ಬ್ರಹ್ಮಸೂತ್ರ ಭಾಷ್ಯದಲ್ಲಿ (2.2.29) ಅರಿವಷ್ಟೇ ನಿಜ, ಹೊರಗಿನ ವಸ್ತುಗಳಿಲ್ಲ ಎನ್ನುವ ಬೌದ್ಧ ವಿಜ್ಞಾನವಾದಿಗಳ ಎದುರು ಹಟಹಿಡಿದು ವಾದಿಸಿದ್ದಾರೆ. ಶಂಕರರನ್ನು ಓದುವವರು ಈ ಮಾತನ್ನು ಎಷ್ಟು ಸುಲಭವಾಗಿ ಮರೆಯುತ್ತಾರೆ! ಹೆಚ್ಚಿನ ಸತ್ಯ ತಿಳಿದಾಗ ಕೆಳಗಿನದು ಬಾಧಿತವಾಗುತ್ತದೆ, ಅಂದರೆ ನಿಜವಲ್ಲವೆಂದು ತಳ್ಳಿಹೋಗುತ್ತದೆ, ಒಪ್ಪಿದೆ. ಆದರೆ ಆ ಸಿನಿಮಾದಲ್ಲಿ ಗಂಡನನ್ನು ಬಿಡಲು ಪತ್ರ ಬರೆದ ಲೀ ಎಂಬವಳ ದಣಿವು, ಸೆಟ್ಟು ಬಯಲಾದ ಮೇಲೂ ನನ್ನಲ್ಲಿ ಉಳಿಯುತ್ತದೆ. ಅದಕ್ಕೆ ಓಗೊಟ್ಟ ನನ್ನ ಕರುಣೆ ಯಾವ ಮಟ್ಟದ್ದು? ಅದನ್ನು ಮಿಥ್ಯೆಯ ಪಾಲಿಗೆ ಬಿಟ್ಟುಕೊಡಲು ನಾನು ಒಪ್ಪಲಾರೆ.