ಆಫೀಸಿನ ನಗೆ ಯಾರ ಮೇಲೆ?

*ಇಂದಿನ ಧಮ್ಮ ಚಿಂತನೆ*





ಹೋದ ಭಾನುವಾರ ನಮ್ಮ ಮಲ್ಲಂದೂರಿನ ಓದು ಬಳಗದಲ್ಲಿ ಸಮ್ಮಾ ವಾಚಾ, ಅಂದರೆ ಸಮ್ಯಕ್ ವಾಣಿಯ ಪಾಠ ನಡೆಯಿತು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುವ, ರಜೆಗೆ ಊರಿಗೆ ಬಂದಿದ್ದ ಹುಡುಗನೊಬ್ಬ ಎದ್ದು ಕೇಳಿದ: "ಅಣ್ಣಾ, ಬಾಸ್‌ಗಳನ್ನು ಗೇಲಿ ಮಾಡುವ ಕಾರ್ಟೂನ್ ಪುಸ್ತಕ ಒಂದು ನನ್ನ ಹತ್ತಿರ ಇದೆ. ದಿನಾ ಒಂದೆರಡು ಪುಟ ಓದಿ ನಗ್ತೀನಿ, ಫ್ರೆಂಡ್ಸ್‌ಗೂ ಕಳಿಸ್ತೀನಿ. ಇದು ಸಮ್ಮಾ ವಾಚಾಕ್ಕೆ ವಿರುದ್ಧವಾ?"

ಪ್ರಶ್ನೆ ಚಿಕ್ಕದು, ಉತ್ತರ ಅಷ್ಟು ಚಿಕ್ಕದಲ್ಲ. ಈ ವಾರವೆಲ್ಲ ಅದರ ಬಗ್ಗೆ ಯೋಚಿಸಿದ್ದನ್ನು ಇಲ್ಲಿ ಹಂಚಿಕೊಳ್ಳುತ್ತೇನೆ.

ಅವನು ಹೇಳಿದ ಪುಸ್ತಕ 'ಡಿಲ್ಬರ್ಟ್' ಎಂಬ ಚಿತ್ರಪಟ್ಟಿಗಳ ಸಂಗ್ರಹ. ಅಮೆರಿಕದ ಸ್ಕಾಟ್ ಆಡಮ್ಸ್ 1989ರಲ್ಲಿ ಇದನ್ನು ಶುರು ಮಾಡಿದ. ಆಗ ಅವನೂ ಒಂದು ಟೆಲಿಫೋನ್ ಕಂಪನಿಯಲ್ಲಿ ನೌಕರ. ಏನೂ ತಿಳಿಯದ ಬಾಸ್, ಕೆಲಸ ತಪ್ಪಿಸುವುದನ್ನೇ ಕಲೆ ಮಾಡಿಕೊಂಡ ವಾಲಿ, ಮುಗಿಯದ ಮೀಟಿಂಗುಗಳು. ಅಶೋಕ್ ಎಂಬ ಭಾರತದ ಹುಡುಗನೂ ಅದರಲ್ಲಿದ್ದಾನೆ. ಐಐಟಿಯಲ್ಲಿ ಓದಿದವನು, ಹೆಸರು ನಮ್ಮ ಸಾಮ್ರಾಟನದು, ಆದರೆ ಆಫೀಸಿನಲ್ಲಿ ಎಲ್ಲರಿಗಿಂತ ಕೆಳಗಿನ ಟ್ರೈನಿ! ಆ ಊರಿನಲ್ಲಿ ಎಲ್ಲರಿಗಿಂತ ಬುದ್ಧಿವಂತ ಯಾರು ಗೊತ್ತೇ? ಕಸ ಒಯ್ಯಲು ಬರುವವನು. ಇಂಜಿನಿಯರ್‌ಗಳಿಗೆ ಬಗೆಹರಿಯದ ಲೆಕ್ಕವನ್ನು ಅವನು ನಿಂತ ನಿಲುವಿನಲ್ಲೇ ಬಗೆಹರಿಸುತ್ತಾನೆ. ಕಸ ಗುಡಿಸುತ್ತಿದ್ದ ಸುನೀತನನ್ನು ಭಗವಾನ್ ಬುದ್ಧರು ಸಂಘಕ್ಕೆ ಕರೆದುಕೊಂಡ ಕತೆ ತಿಳಿದ ನಮಗೆ ಈ ಪಾತ್ರ ಕಂಡರೆ ಸಂತೋಷವಾಗದೆ ಇರದು.

ನಮ್ಮ ನಾಡಿನಲ್ಲೂ ಇಂಥ ನಗೆ ಇತ್ತು. 1921ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಆರ್. ಕೆ. ಲಕ್ಷ್ಮಣ್ 'ಕೊರವಂಜಿ' ಪತ್ರಿಕೆಗೆ ಚಿತ್ರ ಬರೆದವರು. ಮುಂದೆ ಮುಂಬಯಿಗೆ ಹೋಗಿ, ಚೌಕಳಿ ಕೋಟಿನ ಶ್ರೀಸಾಮಾನ್ಯನನ್ನು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಮಂತ್ರಿಗಳ, ಅಧಿಕಾರಿಗಳ, ಫೈಲುಗಳ ಪಕ್ಕದಲ್ಲಿ ಮೂಕನಾಗಿ ನಿಲ್ಲಿಸಿದರು. ಕುರ್ಚಿಯಲ್ಲಿ ಕೂತವರನ್ನು ನೋಡಿ ಜನ ನಕ್ಕರು.

ಹಾಗಾಗಿ ಸಾಮಾನ್ಯವಾಗಿ ಎಲ್ಲರೂ ಹೇಳುವ ಉತ್ತರ ಇದು: *ಮೇಲಿನವರನ್ನು ನೋಡಿ ನಗಬಹುದು, ಕೆಳಗಿನವರನ್ನು ನೋಡಿ ನಗಬಾರದು.* ಕೇಳಲು ಸರಿಯಾಗಿಯೇ ಇದೆ. ಆದರೆ ನಮ್ಮ ದೇಶದ ಆಫೀಸಿನಲ್ಲಿ 'ಮೇಲೆ' ಅಂದರೆ ಯಾವುದು?

ಬಾಬಾಸಾಹೇಬರ ಬದುಕನ್ನೇ ನೋಡೋಣ. 1917ರಲ್ಲಿ ಕೊಲಂಬಿಯಾ, ಲಂಡನ್‌ಗಳಲ್ಲಿ ಓದಿ ಬಂದ ಅವರು ಬರೋಡಾ ಸಂಸ್ಥಾನದ ಕೆಲಸಕ್ಕೆ ಸೇರಿದರು. ಜವಾನರು ಫೈಲುಗಳನ್ನು ದೂರದಿಂದಲೇ ಅವರ ಮೇಜಿನ ಮೇಲೆ ಎಸೆಯುತ್ತಿದ್ದರು, ಕುಡಿಯಲು ನೀರು ಸಿಗುತ್ತಿರಲಿಲ್ಲ ಎಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. ಉಳಿದುಕೊಂಡಿದ್ದ ಪಾರ್ಸಿ ವಸತಿಗೃಹದಿಂದ ಹನ್ನೊಂದನೆಯ ದಿನ ದೊಣ್ಣೆ ಹಿಡಿದ ಗುಂಪು ಬಂದು ಅವರನ್ನು ಹೊರಹಾಕಿತು.

ಇದನ್ನು ಈಗ ನಾಲ್ಕು ಚೌಕದ ಚಿತ್ರಪಟ್ಟಿ ಮಾಡಿ. ಒಂದನೆಯ ಚೌಕದಲ್ಲಿ ಸಾಹೇಬರು ಮೇಜಿನ ಮುಂದೆ. ಎರಡರಲ್ಲಿ ಬಾಗಿಲಲ್ಲಿ ಜವಾನ. ಮೂರರಲ್ಲಿ ಫೈಲು ಗಾಳಿಯಲ್ಲಿ. ನಾಲ್ಕರಲ್ಲಿ ಹರಡಿಬಿದ್ದ ಕಾಗದ. ಹಿನ್ನೆಲೆ ತಿಳಿಯದವರು 'ಆಹಾ, ಜವಾನ ಸಾಹೇಬನಿಗೆ ಸರಿಯಾಗಿ ಮಾಡಿದ' ಎಂದು ನಗುತ್ತಾರೆ. ಕುರ್ಚಿಯ ಲೆಕ್ಕದಲ್ಲಿ ಜವಾನ ಕೆಳಗೆ, ಅಧಿಕಾರಿ ಮೇಲೆ. ಜಾತಿಯ ಲೆಕ್ಕದಲ್ಲಿ ಎಲ್ಲ ತಲೆಕೆಳಗು. ನಮ್ಮ ಆಫೀಸುಗಳಲ್ಲಿ *ಏಣಿ ಒಂದಲ್ಲ, ಎರಡು.* ಒಂದನ್ನು ಗೋಡೆಯ ಮೇಲೆ ಬರೆದು ಹಾಕಿರುತ್ತಾರೆ. ಇನ್ನೊಂದನ್ನು ಯಾರೂ ಬರೆದಿರುವುದಿಲ್ಲ, ಆದರೆ ಎಲ್ಲರಿಗೂ ಗೊತ್ತಿರುತ್ತದೆ.

ಬರೆದ ಏಣಿಯನ್ನು ಚೆನ್ನಾಗಿ ಕಂಡವನಿಗೆ ಬರೆಯದ ಏಣಿಯೂ ಕಾಣುತ್ತದೆ ಎನ್ನುವಂತಿಲ್ಲ. ಡಿಲ್ಬರ್ಟ್ ಬರೆದ ಆಡಮ್ಸ್‌ನೇ ಉದಾಹರಣೆ. 2023ರ ಫೆಬ್ರುವರಿಯಲ್ಲಿ ಅವನು ತನ್ನ ಕಾರ್ಯಕ್ರಮದಲ್ಲಿ ಕಪ್ಪು ಜನರನ್ನು 'ದ್ವೇಷದ ಗುಂಪು' ಎಂದು ಕರೆದ. ಬಿಳಿಯರು ಅವರಿಂದ ದೂರ ಇರಬೇಕು ಎಂದು ಬುದ್ಧಿ ಹೇಳಿದ. ನೂರಾರು ಪತ್ರಿಕೆಗಳು ಡಿಲ್ಬರ್ಟನ್ನು ಕೈಬಿಟ್ಟವು. 'ದೂರ ಇರಿ' ಎಂಬ ಮಾತಿನ ಅರ್ಥ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಸದವನ ತಲೆಯಲ್ಲಿ ಜ್ಞಾನ ಇಟ್ಟ ಕೈಯೇ ಮನುಷ್ಯರ ನಡುವೆ ಗೆರೆ ಎಳೆಯಿತು. ಬಾಸ್‌ನ ದಡ್ಡತನ ಅವನಿಗೆ ಕಂಡಿತ್ತು, ಬಣ್ಣದ ಏಣಿಯ ಮೇಲೆ ತಾನು ನಿಂತಿರುವುದು ಕಾಣಲಿಲ್ಲ.

ನಾನು ಕೆಲಸ ಮಾಡುವ ಕಚೇರಿಯ ವಾಟ್ಸಾಪ್ ಗುಂಪಿಗೂ ಒಮ್ಮೆ ಒಂದು ಚಿತ್ರಪಟ್ಟಿ ಬಂತು. ಅಧಿಕಾರಿಯೊಬ್ಬ ಮೇಜಿನ ಮೇಲೆ ಕಾಲು ಚಾಚಿ ಗೊರಕೆ ಹೊಡೆಯುತ್ತಿದ್ದಾನೆ. ಕುರ್ಚಿಯ ಬೆನ್ನಿಗೆ 'ಕೋಟಾ' ಎಂದು ಬರೆದಿದೆ. ಮೇಲಧಿಕಾರಿಯೊಬ್ಬರು ನಗುವ ಗುರುತು ಹಾಕಿದರು, ಹಿಂದೆಯೇ ಹತ್ತಾರು ಜನ ಹಾಕಿದರು. ನಮ್ಮವರೇ ಆದ, ಹೊಸದಾಗಿ ಕೆಲಸಕ್ಕೆ ಸೇರಿದ ಒಬ್ಬ ಹೆಣ್ಣುಮಗಳೂ ಅದೇ ಗುಂಪಿನಲ್ಲಿದ್ದಳು. ನಾನು ಒಂದೇ ಸಾಲು ಬರೆದೆ: "ಇದರಲ್ಲಿ ನಗು ಎಲ್ಲಿದೆ, ದಯವಿಟ್ಟು ಯಾರಾದರೂ ವಿವರಿಸಿ." ಯಾರೂ ವಿವರಿಸಲಿಲ್ಲ. ಸಂಜೆಯೊಳಗೆ ಚಿತ್ರ ಅಳಿಸಿಹೋಗಿತ್ತು. ಆ ಹುಡುಗಿ ಮರುದಿನ ಏನೂ ಮಾತಾಡಲಿಲ್ಲ, ನನ್ನ ಮೇಜಿಗೆ ಒಂದು ಲೋಟ ಕಾಫಿ ತಂದಿಟ್ಟು ಹೋದಳು. ಅಧಿಕಾರಿಯನ್ನು ಗೇಲಿ ಮಾಡಿದ ಹಾಗೆ ಕಾಣುವ ಆ ಚಿತ್ರ ನಿಜವಾಗಿ ಗೇಲಿ ಮಾಡಿದ್ದು ಅಧಿಕಾರವನ್ನಲ್ಲ, ಹುಟ್ಟನ್ನು.

ಹಾಗಾದರೆ ನಮ್ಮವರ ಮೇಲೆ ಬರೆದ ಚಿತ್ರವೆಲ್ಲ ತಪ್ಪೇ? ಇಲ್ಲಿ ನಾವು ದುಡುಕಬಾರದು. 1949ರಲ್ಲಿ ಶಂಕರ್ ಬರೆದ ಚಿತ್ರ ನಿಮಗೆ ನೆನಪಿರಬಹುದು. ಸಂವಿಧಾನ ಎಂಬ ಬಸವನಹುಳುವಿನ ಮೇಲೆ ಬಾಬಾಸಾಹೇಬರು ಕೂತಿದ್ದಾರೆ, ಹಿಂದೆ ನೆಹರೂ ಚಾಟಿ ಹಿಡಿದಿದ್ದಾರೆ. 2012ರಲ್ಲಿ 11ನೇ ತರಗತಿಯ ಎನ್‌ಸಿಇಆರ್‌ಟಿ ಪುಸ್ತಕದಲ್ಲಿದ್ದ ಈ ಚಿತ್ರದ ಬಗ್ಗೆ ಸಂಸತ್ತಿನಲ್ಲೇ ಗದ್ದಲವಾಯಿತು. ಚಾಟಿ ಹುಳುವಿಗೆ ಎಂದು ಕೆಲವರು, ಬಾಬಾಸಾಹೇಬರಿಗೆ ಎಂದು ಕೆಲವರು. ನಮ್ಮೊಳಗೂ ಎರಡು ಅಭಿಪ್ರಾಯಗಳಿವೆ.

ನಾನು ಕೇಳುವ ಪ್ರಶ್ನೆ ಬೇರೆ: ಆ ಚಿತ್ರ ಹೇಳಿದ್ದು ನಿಜವೇ? ಕೆಲಸ ನಿಧಾನವಾಯಿತೇ? 1949ರ ನವೆಂಬರ್ 25ರಂದು ಬಾಬಾಸಾಹೇಬರು ಸಂವಿಧಾನ ಸಭೆಗೆ ಲೆಕ್ಕ ಒಪ್ಪಿಸಿದರು. ಸಭೆ ತೆಗೆದುಕೊಂಡಿದ್ದು 2 ವರ್ಷ, 11 ತಿಂಗಳು, 17 ದಿನ. ಬಂದ ತಿದ್ದುಪಡಿಗಳು ಸುಮಾರು 7,635, ಮಂಡನೆಯಾದವು 2,473. ಆಸ್ಟ್ರೇಲಿಯಾ ಇದೇ ಕೆಲಸಕ್ಕೆ ಒಂಬತ್ತು ವರ್ಷ ತೆಗೆದುಕೊಂಡಿತ್ತು. ಅದಕ್ಕೂ ಒಂದು ವರ್ಷ ಮೊದಲೇ, 1948ರ ನವೆಂಬರ್ 5ರಂದು, ಕರಡು ಸಮಿತಿಯ ಸದಸ್ಯರಾಗಿದ್ದ ಟಿ. ಟಿ. ಕೃಷ್ಣಮಾಚಾರಿ ಸಭೆಯಲ್ಲಿ ಹೇಳಿದ್ದರು: ಏಳು ಜನರ ಸಮಿತಿಯಲ್ಲಿ ಒಬ್ಬರು ರಾಜೀನಾಮೆ ಕೊಟ್ಟರು, ಒಬ್ಬರು ತೀರಿಕೊಂಡರು, ಒಬ್ಬರು ಅಮೆರಿಕದಲ್ಲಿದ್ದರು, ಇನ್ನೊಬ್ಬರು ಬೇರೆ ಕೆಲಸದಲ್ಲಿದ್ದರು, ಒಂದಿಬ್ಬರು ದೆಹಲಿಯಿಂದ ದೂರವಿದ್ದರು, ಕೊನೆಗೆ ಕರಡಿನ ಹೊರೆಯೆಲ್ಲ ಡಾ. ಅಂಬೇಡ್ಕರ್ ಅವರ ಮೇಲೆ ಬಿತ್ತು. ಯಾವ ಆಫೀಸ್ ಕಾರ್ಟೂನಿನಲ್ಲೂ ಇದಕ್ಕಿಂತ ಚೆನ್ನಾದ ವಸ್ತು ಇಲ್ಲ! ಶಂಕರ್ ಅದನ್ನು ಬರೆಯಲಿಲ್ಲ. ಹುಳು ಕಂಡಿತು, ಖಾಲಿ ಕುರ್ಚಿಗಳು ಕಾಣಲಿಲ್ಲ.

ಈಗ ಭಗವಾನರ ಮಾತಿಗೆ ಬರೋಣ. ಮಜ್ಝಿಮ ನಿಕಾಯದಲ್ಲಿ ಅವರು ತಮ್ಮ ಮಗ ರಾಹುಲನಿಗೆ ಕೊಟ್ಟ ಬೋಧನೆ ಇದೆ. ತಮಾಷೆಗಾಗಿಯೂ ಸುಳ್ಳು ಹೇಳಬಾರದೆಂದು ಕಲಿ ಎನ್ನುತ್ತಾರೆ. ಕನ್ನಡಿಯಲ್ಲಿ ನೋಡಿಕೊಳ್ಳುವಂತೆ ಮಾತನ್ನು ಆಡುವ ಮೊದಲು, ಆಡುವಾಗ, ಆಡಿದ ಮೇಲೆ ನೋಡಿಕೋ ಎನ್ನುತ್ತಾರೆ. ಗಮನಿಸಿ, ತಮಾಷೆ ಬೇಡ ಎನ್ನಲಿಲ್ಲ. ತಮಾಷೆಗೂ ಸತ್ಯದ ಲೆಕ್ಕ ಉಂಟು ಎಂದರು.

ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಸಮ್ಯಕ್ ವಾಣಿಗೆ ಇನ್ನೊಂದು ವಿಷಯ ಒತ್ತಿ ಹೇಳುತ್ತಾರೆ: ಅದು ಭಯದಿಂದಲೋ ಯಾರದೋ ಕೃಪೆಗಾಗಿಯೋ ಹುಟ್ಟಬಾರದು, ಮೇಲಿನವರು ಏನು ತಿಳಿದಾರು, ನನಗೇನು ನಷ್ಟವಾದೀತು ಎಂಬುದು ಅದರ ಅಳತೆ ಆಗಬಾರದು. ನೌಕರಿಯಲ್ಲಿರುವ ನಮಗೆ ಇದಕ್ಕಿಂತ ಕಷ್ಟದ ಶೀಲ ಇಲ್ಲ. ಬಾಸ್‌ನ ಕಾರ್ಟೂನನ್ನು ಬೆನ್ನ ಹಿಂದೆ ಹಂಚಿಕೊಂಡು, ಎದುರಿಗೆ 'ಹೌದು ಸಾರ್' ಎನ್ನುವುದು ಸುಲಭ. ಅಂಥ ನಗೆ ಹೊಟ್ಟೆಯೊಳಗಿನ ಸಿಟ್ಟನ್ನು ಕರಗಿಸುತ್ತದೆ, ಅನ್ಯಾಯವನ್ನು ಹಾಗೇ ಬಿಡುತ್ತದೆ.

ನಮ್ಮ ಕಾಫಿ ತೋಟಗಳ ಲೈನ್ ಮನೆಗಳಲ್ಲಿ ಅಕ್ಷರ ಬಾರದ ನಮ್ಮ ತಾಯಂದಿರು ಇದಕ್ಕಿಂತ ಮುಂದೆ ಹೋಗಿದ್ದರು. ಸಂಜೆ ಒಲೆಯ ಮುಂದೆ ರೈಟರ ನಡಿಗೆ, ಮೇಸ್ತ್ರಿಯ ಕೂಗು ಎಲ್ಲವನ್ನೂ ಅಣಕಿಸಿ ನಗುತ್ತಿದ್ದರು. ನನ್ನ ಅವ್ವ ಹೇಳುತ್ತಿದ್ದ ಒಂದು ಘಟನೆ: ಕುಯ್ಲಿನ ಸಮಯದಲ್ಲಿ ಹಣ್ಣು ತೂಗುವ ರೈಟರು ತಕ್ಕಡಿಯ ಮುಳ್ಳು ನಿಲ್ಲುವ ಮೊದಲೇ ತೂಕ ಕೂಗಿ ಬರೆದುಕೊಳ್ಳುತ್ತಿದ್ದರಂತೆ. ಒಂದು ದಿನ ಒಬ್ಬಾಕೆ ಚೀಲವನ್ನು ಇನ್ನೂ ತಲೆಯಿಂದ ಇಳಿಸದೆ, ರೈಟರ ಎದುರಿಗೇ, ಅವರದೇ ದನಿಯಲ್ಲಿ ತೂಕ ಕೂಗಿದಳಂತೆ. ಸಾಲಿನಲ್ಲಿದ್ದವರೆಲ್ಲ ನಕ್ಕರು. ರೈಟರೂ ನಕ್ಕರು. ಆಮೇಲೆ ಮುಳ್ಳು ನಿಲ್ಲುವ ತನಕ ಕಾಯತೊಡಗಿದರು.

ಆ ತಾಯಿಯ ಅಣಕದಲ್ಲಿ ಸುಳ್ಳು ಇರಲಿಲ್ಲ. ರೈಟರ ಹುಟ್ಟಿನ ಮೇಲೆ ಒಂದು ಮಾತೂ ಇರಲಿಲ್ಲ. ಭಯ ಇದ್ದಿರಬೇಕು, ಆದರೆ ಅವಳು ಅದಕ್ಕೆ ಬಗ್ಗಲಿಲ್ಲ. ನನ್ನ ಮಟ್ಟಿಗೆ ಅದು ಸಮ್ಮಾ ವಾಚಾ.

ಆ ಹುಡುಗನಿಗೆ ನನ್ನ ಉತ್ತರ: ಪುಸ್ತಕ ಓದು, ನಗು. ಮುಂದಕ್ಕೆ ಕಳಿಸುವ ಮೊದಲು ಮೂರು ಪ್ರಶ್ನೆ ಕೇಳಿಕೋ.

*1.* ಇದು ಹೇಳುವುದು ನಿಜವೇ?

*2.* ನಗೆ ಬೀಳುತ್ತಿರುವುದು ಮಾಡಿದ ಕೆಲಸದ ಮೇಲೋ, ಹುಟ್ಟಿದ ಮನೆಯ ಮೇಲೋ?

*3.* ಆ ಮನುಷ್ಯ ಎದುರಿಗೆ ನಿಂತಿದ್ದರೂ ಇದನ್ನು ಹೇಳುತ್ತೇನೆಯೇ?

ಇಂದು ನಿಮ್ಮ ಮೊಬೈಲಿಗೆ ಬರುವ ಮೊದಲ ತಮಾಷೆಯನ್ನು ಈ ಮೂರರಲ್ಲಿ ತೂಗಿ ನೋಡಿ. ಮುಳ್ಳು ನಿಲ್ಲುವ ತನಕ ಕಾಯಿರಿ.

ಭವತು ಸಬ್ಬ ಮಂಗಲಂ.
ಜೈ ಭೀಮ್. ನಮೋ ಬುದ್ಧಾಯ.